ಕೊರಳ ನಾಡಿಯೂ ನೆನಪಿನ ಶಿಲ್ಕೂ

ಕಳೆದ ತಿಂಗಳು ಒಂದು ಸಂಜೆ ಪರ್ಕಳದ ಪೇಟೆಯಿಂದ ಮನೆಯ ಕಡೆಗೆ ನಡೆದು ಬರುತ್ತಿದ್ದಾಗ ನನ್ನ ಹಳೆಯ ಶಿಷ್ಯರೊಬ್ಬರು ದಾರಿಯಲ್ಲಿ ನನ್ನನ್ನು ಕಂಡು ನಿಂತರು. ಅವರ ತಂದೆಯವರಿಗೆ ಎಪ್ಪತ್ತು ದಾಟಿದ ಪ್ರಾಯ. ತಲೆಗೆ ರಕ್ತವನ್ನೊಯ್ಯುವ ಕೊರಳಿನ ಧಮನಿಯು ಬಹುಮಟ್ಟಿಗೆ ಮುಚ್ಚಿಹೋಗಿರುವುದೆಂದೂ, ಅದನ್ನು ಬಿಡಿಸಿ ಶುದ್ಧಿಮಾಡಬೇಕೆಂದೂ ವೈದ್ಯರು ಹೇಳಿರುವರಂತೆ. “ಮಾಷ್ಟ್ರೇ, ಕೊಯ್ಯುವುದಕ್ಕೆ ತಂದೆಯವರು ಹೆದರುವುದಿಲ್ಲ. ಆದರೆ ಅದಾದ ಮೇಲೆ ನೆನಪು ಹೋಗುತ್ತದೆ, ಬುದ್ಧಿ ಮಂಕಾಗುತ್ತದೆ ಎಂದು ಊರವರು ಹೇಳುತ್ತಾರೆ. ನಿಮ್ಮ ಭಾವನವರಿಗೂ ಇದೇ ಚಿಕಿತ್ಸೆ ಆದದ್ದಲ್ಲವೇ? ಸತ್ಯ ಏನೆಂದು ನೀವಾದರೂ ಹೇಳಿ” ಎಂದು ಕೇಳಿದರು.

ದಾರಿಯಲ್ಲಿ ನಿಂತು ಹೇಳಿ ಮುಗಿಸತಕ್ಕ ವಿಷಯವಲ್ಲವಾದುದರಿಂದ ಅವರನ್ನು ಮನೆಗೆ ಕರೆದುತಂದು, ಜಗಲಿಯಲ್ಲಿ ಕುಳ್ಳಿರಿಸಿ, ನನಗೆ ತಿಳಿದಷ್ಟನ್ನು ಹೇಳಿದೆನು. ಅದನ್ನೇ ಈ ತಿಂಗಳು ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ವೈದ್ಯನಲ್ಲ, ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೂ ನಮ್ಮ ಮನೆತನದಲ್ಲಿ ನಡೆದ ತಪ್ಪೊಂದುಂಟು. ಅದರಲ್ಲಿ ಹೆಚ್ಚಿನ ಪಾಲು ನನ್ನದೇ. ಅದನ್ನು ಹೇಳಿಕೊಳ್ಳುವುದರಿಂದ ಮತ್ತೊಂದು ಮನೆಯವರು ಎಚ್ಚರಗೊಳ್ಳುವುದಾದರೆ ಹೇಳಿಕೊಳ್ಳುವುದೇ ಲೇಸು.

ಮೊದಲು ಆ ಧಮನಿಯ ಪರಿಚಯವಾಗಲಿ. ಗಂಟಲಮಣಿಯ ಒಂದು ಪಕ್ಕದಲ್ಲಿ ಎರಡು ಬೆರಳುಗಳನ್ನು ಮೆಲ್ಲನೆ ಇಟ್ಟರೆ ನಾಡಿಯು ತಟ್ಟುವುದು ತಿಳಿಯುತ್ತದೆ. ಎರಡು ಪಕ್ಕಗಳನ್ನು ಒಂದೇ ಸಲ ಒತ್ತಬಾರದು. ಒತ್ತಿದರೆ ತಲೆಸುತ್ತಿ ಬೀಳುವ ಸಂಭವವಿದೆ. ಇದೇ ಕೆರೋಟಿಡ್ ಧಮನಿ. ಗಾಢವಾದ ಮಂಪರು ಎಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಆ ಹೆಸರು ಹುಟ್ಟಿತು. ಅದನ್ನು ಒತ್ತಿದರೆ ಮನುಷ್ಯನು ಮಂಪರಿಗೆ ಬೀಳುವನೆಂದು ಪ್ರಾಚೀನ ಗ್ರೀಕರು ತಿಳಿದಿದ್ದರು. ನಮ್ಮವರೂ ಕೊರಳಿನ ಮಹತ್ತ್ವವನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ೧೦೭ ಮರ್ಮಗಳನ್ನು ಎಣಿಸುವಾಗ, ಕಂಠನಾಳದ ಇಕ್ಕೆಲಗಳಲ್ಲಿ ನೀಲಾ, ಮನ್ಯಾ ಎಂಬ ಧಮನಿಗಳನ್ನು ಹೇಳಿ, ಅವುಗಳಿಗೆ ಪೆಟ್ಟಾದರೆ ಮೂಕತನವೂ ಸ್ವರವಿಕಾರವೂ ಉಂಟಾಗುವುವೆಂದೂ, ಕೊರಳಿನ ಮಾತೃಕಾ ಎಂಬ ಸಿರೆಗಳಿಗೆ ಪೆಟ್ಟಾದರೆ ಒಡನೆ ಮರಣವೆಂದೂ ವಿಧಿಸಿದೆ. ಅಲ್ಲಿಯ ಹೆಸರುಗಳು ಇಂದಿನ ಶರೀರಶಾಸ್ತ್ರದ ಯಾವ ಯಾವ ನಾಳಕ್ಕೆ ಸರಿಹೊಂದುವುವೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಕೊರಳಿಗೂ ಮಾತಿಗೂ ಪ್ರಾಣಕ್ಕೂ ಇರುವ ನಂಟನ್ನು ಅವರು ಕಂಡಿದ್ದರೆಂಬಷ್ಟು ಸಾಕು.

ಮನುಷ್ಯನ ಮಿದುಳು ತೂಕದಲ್ಲಿ ಶರೀರದ ಐವತ್ತರಲ್ಲೊಂದು ಪಾಲು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಅದೊಂದೇ ವ್ಯಯಮಾಡುತ್ತದೆ. ಇಷ್ಟೊಂದು ಖರ್ಚಿನ ಯಜಮಾನನಿಗೆ ನಾಲ್ಕು ನಾಳಗಳು ರಕ್ತವನ್ನು ತಂದುಕೊಡುತ್ತವೆ. ಮುಂದಿನ ಪಕ್ಕದಲ್ಲಿ ಎರಡು ಕೆರೋಟಿಡ್‌ಗಳು, ಹಿಂದೆ ಬೆನ್ನೆಲುಬಿನ ಒಳಗಿಂದ ಏರಿಬರುವ ಎರಡು ಸಣ್ಣ ನಾಳಗಳು. ಇವು ಮಿದುಳಿನ ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡು ಬಳೆಯಂತೆ ಸುತ್ತಿಕೊಂಡಿರುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯನು ೧೬೬೪ರಲ್ಲಿ ಇದನ್ನು ವಿವರವಾಗಿ ವರ್ಣಿಸಿದುದರಿಂದ ಈ ಬಳೆಗೆ ಅವನ ಹೆಸರೇ ನಿಂತಿದೆ. ಒಂದು ತೋಡಿನ ನೀರು ಕಡಮೆಯಾದರೆ ಇನ್ನೊಂದು ತೋಡಿನಿಂದ ಗದ್ದೆಗೆ ನೀರನ್ನು ತಿರುಗಿಸುವಂತೆ, ಒಂದು ನಾಳವು ಕಿರಿದಾದಾಗ ಮಿಕ್ಕವು ಈ ಬಳೆಯ ಮೂಲಕ ಕೈನೀಡುತ್ತವೆ. ಆದರೆ ಎಲ್ಲರಲ್ಲಿಯೂ ಈ ಬಳೆಯು ಪೂರ್ಣವಾಗಿರುವುದಿಲ್ಲ. ಆದಕಾರಣ ಒಬ್ಬನಿಗೆ ಒಂದು ಧಮನಿ ಪೂರ್ಣ ಮುಚ್ಚಿದರೂ ಏನೂ ಆಗದೆ ಇರಬಹುದು. ಮತ್ತೊಬ್ಬನಿಗೆ ಅರ್ಧ ಮುಚ್ಚಿದ ಮಾತ್ರಕ್ಕೆ ತೊಂದರೆಯಾಗಬಹುದು.

ಕೆರೋಟಿಡ್ ಧಮನಿಯು ಗಂಟಲಮಣಿಯ ಮೇಲ್ಗಡೆಯ ಮಟ್ಟದಲ್ಲಿ ಕವಲೊಡೆಯುತ್ತದೆ; ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ಆ ಕವಲಿನಲ್ಲಿಯೇ ವಯಸ್ಸಾದಂತೆ, ಅದರಲ್ಲಿಯೂ ಬೀಡಿ ಸಿಗರೇಟಿನ ಅಭ್ಯಾಸ, ರಕ್ತದ ಒತ್ತಡ, ಸಕ್ಕರೆಯ ಕಾಯಿಲೆ ಇರುವವರಲ್ಲಿ, ಕೊಬ್ಬು ಜಿಡ್ಡಾಗಿ ಕಟ್ಟಿ ಕ್ರಮೇಣ ಸುಣ್ಣದಂತೆ ಗಟ್ಟಿಯಾಗುವುದು. ಇದರಿಂದ ಮಿದುಳಿಗೆ ಎರಡು ಬಗೆಯ ಹಾನಿ. ಜಿಡ್ಡಿನ ಚೂರೋ ಅದರ ಮೇಲೆ ಕಟ್ಟಿದ ಹೆಪ್ಪೋ ಕಿತ್ತುಹೋಗಿ ಮೇಲಿನ ಸಣ್ಣ ನಾಳಕ್ಕೆ ಅಡ್ಡಲಾಗಿ ಸಿಕ್ಕಿದರೆ ಪಾರ್ಶ್ವವಾಯು. ಇಲ್ಲವೇ ರಕ್ತದ ಪ್ರವಾಹವೇ ಕುಂದಿ ಮಿದುಳು ಅರೆಹೊಟ್ಟೆಯಲ್ಲಿ ಕಾಲಕಳೆಯಬೇಕಾಗುವುದು. ಕೊರಳಿನ ಈ ರೋಗಕ್ಕೂ ಪಾರ್ಶ್ವವಾಯುವಿಗೂ ಇರುವ ಸಂಬಂಧವನ್ನು ಕೆನಡಾ ದೇಶದ ಮಿಲ್ಲರ್ ಫಿಷರ್ ಎಂಬ ವೈದ್ಯರು ೧೯೫೧ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಮುದುಪಿನ ಬುದ್ಧಿಭ್ರಂಶದಲ್ಲಿಯೂ ಇದರ ಕೈವಾಡವಿರಬಹುದೇ ಎಂದು ಅವರು ಅದೇ ವರ್ಷ ವಿಚಾರಮಾಡಿದ್ದರು. ಕೊರಳ ಧಮನಿಗೂ ನೆನಪಿಗೂ ನಂಟು ಏನೆಂಬ ಪ್ರಶ್ನೆ ಹೀಗೆ ಮುಕ್ಕಾಲು ಶತಮಾನದಷ್ಟು ಹಳೆಯದು.

ಅಮೇರಿಕದ ಹ್ಯೂಸ್ಟನ್ ನಗರದಲ್ಲಿ ಮೈಕೆಲ್ ಡಿಬೇಕಿ ಎಂಬ ಶಸ್ತ್ರವೈದ್ಯರು ೧೯೫೩ರಲ್ಲಿ ಈ ಧಮನಿಯನ್ನು ಸೀಳಿ ಒಳಗಣ ಜಿಡ್ಡನ್ನು ತೆಗೆದು ಹೊಲಿದರು. ಮರುವರ್ಷವೇ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್ ಮತ್ತು ಅವರ ಜತೆಗಾರರು ಇಂಥದೇ ಶಸ್ತ್ರಕ್ರಿಯೆಯನ್ನು ನಡೆಸಿ ವೈದ್ಯಲೋಕಕ್ಕೆ ಪ್ರಕಟಿಸಿದರು. ಅದೇ ೧೯೫೩ರಲ್ಲಿ ನಮ್ಮ ಪರ್ಕಳದ ಮಗ್ಗುಲಿನ ಮಣಿಪಾಲದ ಬೋಳು ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದ್ದನ್ನು ನೆನೆದರೆ, ದೂರದ ವಿದ್ಯೆಯು ಮನೆಬಾಗಿಲಿಗೆ ಬಂದ ದಾರಿ ಕಾಣುತ್ತದೆ. ಈಗ ಶಸ್ತ್ರದಿಂದ ಜಿಡ್ಡನ್ನು ತೆಗೆಯುವುದು ಒಂದು ವಿಧ. ತೊಡೆಯ ನಾಳದಿಂದ ಸಪೂರವಾದ ಕೊಳವೆಯನ್ನು ಏರಿಸಿ ಸ್ಟೆಂಟ್ ಎಂಬ ಲೋಹದ ಬಲೆಯನ್ನು ಧಮನಿಯೊಳಗೆ ಅರಳಿಸುವುದು ಇನ್ನೊಂದು ವಿಧ.

ಇಲ್ಲಿ ಒಂದು ಮಾತನ್ನು ಗೃಹಸ್ಥರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಈ ಚಿಕಿತ್ಸೆಗಳನ್ನು ಮಾಡುವುದು ಮುಂದೆ ಬರಬಹುದಾದ ಪಾರ್ಶ್ವವಾಯುವನ್ನು ತಡೆಯುವುದಕ್ಕೆ. ಹೋದ ನೆನಪನ್ನು ತರುವುದಕ್ಕಲ್ಲ. ಉತ್ತರ ಅಮೇರಿಕದಲ್ಲಿ ನಡೆದು ೧೯೯೧ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಪಾರ್ಶ್ವವಾಯುವಿನ ಲಕ್ಷಣವು ಒಮ್ಮೆ ಕಾಣಿಸಿಕೊಂಡು ಧಮನಿಯು ನೂರಕ್ಕೆ ೭೦ ಪಾಲಿಗಿಂತ ಹೆಚ್ಚು ಮುಚ್ಚಿದ್ದವರನ್ನು ಎರಡು ಪಂಗಡ ಮಾಡಿದರು. ಬರಿಯ ಔಷಧ ಪಡೆದವರಲ್ಲಿ ಎರಡು ವರ್ಷಗಳೊಳಗೆ ಆ ಪಕ್ಕದ ಪಾರ್ಶ್ವವಾಯು ನೂರಕ್ಕೆ ೨೬ ಮಂದಿಗೆ ಬಂದಿತು. ಶಸ್ತ್ರಕ್ರಿಯೆಯಾದವರಲ್ಲಿ ೯ ಮಂದಿಗೆ. ಅಂದಿನಿಂದ ಔಷಧಗಳು ಬಹಳ ಉತ್ತಮವಾಗಿರುವುದರಿಂದ ಲಕ್ಷಣವೇ ಕಾಣದವರ ವಿಷಯದಲ್ಲಿ ವೈದ್ಯರು ಇಂದು ಹೆಚ್ಚು ಯೋಚಿಸಿ ನಿರ್ಣಯಿಸುತ್ತಾರೆ. ಲಕ್ಷಣ ಕಂಡವರಲ್ಲಿ ಮಾತ್ರ ಎರಡು ವಾರಗಳೊಳಗೆ ಚಿಕಿತ್ಸೆಯಾದರೆ ಪ್ರಯೋಜನ ಹೆಚ್ಚೆಂಬುದು ನಿಶ್ಚಿತ. ಪಾರ್ಶ್ವವಾಯು ಬಂದು ಮಿದುಳಿನ ಭಾಗವು ಸತ್ತರೆ ನೆನಪೂ ಬುದ್ಧಿಯೂ ಅದರೊಡನೆ ಹೋಗುವುವು. ಆದುದರಿಂದ ನೆನಪು ಹೋದೀತೆಂಬ ಭಯದಿಂದ ಚಿಕಿತ್ಸೆಯನ್ನು ಮುಂದಕ್ಕೆ ಹಾಕುವವನು, ಕಳ್ಳನ ಭಯದಿಂದ ಮನೆಗೆ ಬೀಗವನ್ನೇ ಹಾಕದೆ ಹೊರಟವನಂತೆ.

ಇನ್ನು ನಮ್ಮ ಮನೆಯ ಕತೆ. ೨೦೨೩ರ ಮಳೆಗಾಲ. ಭಾವನವರಿಗೆ ಆಗ ೭೧ ವರ್ಷ. ಬೆಳಗ್ಗೆ ಕಾಪಿ ಕುಡಿಯುತ್ತಿದ್ದಾಗ ಬಲಗೈಯ ಲೋಟ ಜಾರಿ ಬಿದ್ದಿತು. ಅಕ್ಕನನ್ನು ಕೂಗಲು ಹೋದರೆ ಮಾತು ತೊದಲಿತು. ಕಾಲುಗಂಟೆಯೊಳಗೆ ಎಲ್ಲವೂ ಸರಿಹೋಯಿತು. “ಪಿತ್ತ ಕೆರಳಿದ್ದು” ಎಂದು ಅವರೇ ನಕ್ಕುಬಿಟ್ಟರು. ಅಳಿಯನು ಮಾತ್ರ ಹಟಹಿಡಿದು ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದನು. ಎಡಗಡೆಯ ಕೆರೋಟಿಡ್ ಬಹುವಾಗಿ ಕಿರಿದಾಗಿತ್ತು. ಹತ್ತು ದಿನಗಳೊಳಗೆ ಶಸ್ತ್ರಕ್ರಿಯೆಯೂ ಯಾವ ವಿಘ್ನವಿಲ್ಲದೆ ನಡೆಯಿತು. ಕೊರಳಿನಲ್ಲಿ ಒಂದು ಗೆರೆಯ ಹೊಲಿಗೆ, ಕೈಕಾಲು ಸ್ವಸ್ಥ, ಮಾತು ಸ್ಪಷ್ಟ. ನಾಲ್ಕನೆಯ ದಿನ ಮನೆಗೆ ಬಂದರು.

ಮನೆಗೆ ಬಂದ ಮೇಲೆ ಅಕ್ಕನು ನನ್ನನ್ನು ಒಳಗೆ ಕರೆದು, “ಇವರು ಮೊದಲಿನಂತೆ ಇಲ್ಲ ಮಾರಾಯ. ಕೇಳಿದ್ದನ್ನೇ ಕೇಳುತ್ತಾರೆ. ಪೇಪರು ಓದುತ್ತಾರೆ, ಓದಿದ್ದು ಏನೆಂದರೆ ಸುಮ್ಮನಾಗುತ್ತಾರೆ” ಎಂದಳು. ನಾನು ನನ್ನ ಮಾಸ್ತರಿಕೆಯ ಬುದ್ಧಿಯನ್ನು ತೋರಿಸಿದೆನು. ಭಾವನವರೂ ನಾನೂ ಚಿಕ್ಕಂದಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರು. “ಭಾವ, ಸ್ವರ್ಗವರ್ಗವನ್ನು ಸ್ವಲ್ಪ ಹೇಳಿ ನೋಡುವ” ಎಂದೆನು. ಅವರು ಕಣ್ಣುಮುಚ್ಚಿ, ಒಂದಕ್ಷರ ತಪ್ಪದೆ, ಗಂಗಾಪ್ರವಾಹದಂತೆ ಹೇಳಿದರು. ನಾನು ಅಕ್ಕನ ಕಡೆಗೆ ತಿರುಗಿ, “ಇಷ್ಟು ನೆನಪಿರುವವರಿಗೆ ಏನಾಗಿದೆ? ನಿನಗೇ ಭ್ರಮೆ” ಎಂದುಬಿಟ್ಟೆನು. ಅವಳು ಮತ್ತೆ ಮಾತಾಡಲಿಲ್ಲ.

ಐದು ದಿನಗಳ ತರುವಾಯ ಭಾವನವರು ರಕ್ತದೊತ್ತಡದ ಮಾತ್ರೆಯನ್ನು ಬೆಳಗ್ಗೆ ಒಮ್ಮೆ ನುಂಗಿ, ನುಂಗಿದ್ದು ಮರೆತು, ಅರ್ಧಗಂಟೆಯಲ್ಲಿ ಮತ್ತೊಮ್ಮೆ ನುಂಗಿದರು. ಬಾವಿಕಟ್ಟೆಯ ಬಳಿ ಕಣ್ಣುಕತ್ತಲೆ ಬಂದು ಕುಸಿದರು. ಕಟ್ಟೆಯ ಹೊರಗೆ ಬಿದ್ದುದು ನಮ್ಮ ಪುಣ್ಯ. ಮೊಣಕೈ ತರಚಿದ್ದಲ್ಲದೆ ಬೇರೆ ಅಪಾಯವಾಗಲಿಲ್ಲ. ಮಾತ್ರೆಯ ಪಟ್ಟಿಗಳನ್ನು ತೆಗೆದು ಲೆಕ್ಕಹಾಕಿದಾಗ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆಯಲ್ಲಿ ಮೂರು ದಿನಗಳದ್ದು ಹಾಗೆಯೇ ಉಳಿದಿದ್ದುದು ಕಂಡಿತು. ಹೊಲಿದ ಧಮನಿಯಲ್ಲಿ ಮತ್ತೆ ಹೆಪ್ಪು ಕಟ್ಟಬಾರದೆಂದು ಕೊಟ್ಟ ಮಾತ್ರೆಯದು! ಅಕ್ಕನು ಕಂಡದ್ದು ನಿಜ. ಪಂಡಿತನೆನ್ನಿಸಿಕೊಂಡ ನಾನು ಕಂಡದ್ದು ಸುಳ್ಳು.

ನನ್ನ ತಪ್ಪು ಎಲ್ಲಿ? ಅದು ತಿಳಿಯಲು ನಮ್ಮ ಶಾಸ್ತ್ರದ ಒಂದು ವಿಭಾಗವೇ ನೆರವಾದೀತು. ಚರಕಸಂಹಿತೆಯು ಧೀ, ಧೃತಿ, ಸ್ಮೃತಿ ಎಂದು ಮೂರನ್ನು ಬೇರೆಬೇರೆಯಾಗಿ ಹೇಳುತ್ತದೆ. ಇವು ಕೆಟ್ಟಾಗ ಮಾಡುವ ಕೆಲಸವು ಪ್ರಜ್ಞಾಪರಾಧವೆನ್ನುತ್ತದೆ. ಧೀ ಎಂದರೆ ತಿಳಿದು ವಿವೇಚಿಸುವ ಶಕ್ತಿ, ಧೃತಿ ಎಂದರೆ ಹಿಡಿದು ನಿಲ್ಲಿಸುವ ಶಕ್ತಿ, ಸ್ಮೃತಿ ಎಂದರೆ ನೆನಪು. ಆ ಸ್ಮೃತಿಯಲ್ಲಿಯೂ ಹಳೆಯದು, ಹೊಸದು ಎಂಬ ಭೇದವುಂಟು. ಎಂಟನೆಯ ವಯಸ್ಸಿನಲ್ಲಿ ಸಾವಿರ ಸಲ ಉರುಹೊಡೆದದ್ದು ಕಲ್ಲಿನ ಮೇಲಿನ ಬರಹ. ಅದು ಬೇಗನೆ ಅಳಿಯದು. ಇಂದು ಬೆಳಗ್ಗೆ ಮಾತ್ರೆ ನುಂಗಿದ್ದು ನೀರಿನ ಮೇಲಿನ ಬರಹ; ಅದನ್ನು ಹಿಡಿದಿಡಲು ಮಿದುಳು ಆ ಕ್ಷಣದಲ್ಲಿ ಎಚ್ಚತ್ತಿರಬೇಕು. ನಾನು ಕಲ್ಲನ್ನು ಪರೀಕ್ಷಿಸಿ ನೀರು ಚೆನ್ನಾಗಿದೆಯೆಂದು ತೀರ್ಪು ಕೊಟ್ಟೆನು. ಬಹುಮನೆಗಳಲ್ಲಿ ನಡೆಯುವುದೂ ಇದೇ. “ಮೊಮ್ಮಕ್ಕಳ ಹೆಸರು ಹೇಳುತ್ತಾರೆ, ಹಳೆಯ ಕತೆಯೆಲ್ಲ ಹೇಳುತ್ತಾರೆ, ನೆನಪಿಗೇನು ಕೊರತೆ?” ಎನ್ನುವುದುಂಟು. ಕೊರಳ ಧಮನಿಯ ರೋಗದಲ್ಲಿಯೂ ಚಿಕಿತ್ಸೆಯ ತರುವಾಯವೂ ಹೆಚ್ಚಾಗಿ ಸಡಿಲುವುದು ಹಳೆಯ ನೆನಪಲ್ಲ. ಗಮನ, ಚುರುಕು, ಎರಡು ಮೂರು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳುವ ಶಕ್ತಿ.

ಭಾವನವರು ಹವ್ಯಾಸದ ಅರ್ಥಧಾರಿಗಳು. ತಾಳಮದ್ದಳೆಯಲ್ಲಿ ಭಾಗವತರ ಪದ್ಯವು ಬಾಯಿಗೆ ಬಂದರೆ ಸಾಲದು; ಎದುರಾಳಿಯು ಎತ್ತಿದ ಮೂರು ಆಕ್ಷೇಪಗಳನ್ನು ತನ್ನ ಸರದಿ ಬರುವ ತನಕ ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಕ್ಕೂ ಉತ್ತರ ಕೊಡಬೇಕು. “ಪದ್ಯವೆಲ್ಲ ಉಂಟು, ಎದುರಿನವನು ಹೇಳಿದ ಎರಡನೆಯ ಮಾತು ಕೈಗೆ ಸಿಗುವುದಿಲ್ಲ” ಎಂದು ಅವರೇ ಒಂದು ದಿನ ನನ್ನೊಡನೆ ತಗ್ಗಿದ ಧ್ವನಿಯಲ್ಲಿ ಹೇಳಿದರು. ಯಾವ ವೈದ್ಯಗ್ರಂಥವೂ ಇದಕ್ಕಿಂತ ಸ್ಪಷ್ಟವಾಗಿ ಈ ಭೇದವನ್ನು ನನಗೆ ಕಲಿಸಲಿಲ್ಲ.

ಹೀಗಾಗುವುದೇಕೆ? ಕಾರಣಗಳು ಹಲವು. ಶಸ್ತ್ರಕ್ರಿಯೆಯ ವೇಳೆ ಧಮನಿಯನ್ನು ಸ್ವಲ್ಪಕಾಲ ಇಕ್ಕುಳದಿಂದ ಹಿಡಿದು ರಕ್ತವನ್ನು ನಿಲ್ಲಿಸಬೇಕಾಗುವುದು. ಆಗ ಮಿಕ್ಕ ನಾಳಗಳ ನೆರವು ಸಾಲದಿದ್ದರೆ ಮಿದುಳಿಗೆ ಕೊರತೆಯಾಗುವುದು. ಜಿಡ್ಡಿನ ಸೂಕ್ಷ್ಮಕಣಗಳು ಮೇಲಕ್ಕೆ ಹಾರಬಹುದು. ಬಹುಕಾಲ ಬಡತನದಲ್ಲಿದ್ದ ಮಿದುಳಿಗೆ ಒಮ್ಮೆಗೇ ರಕ್ತದ ಮಹಾಪೂರ ಬಂದರೂ ತೊಂದರೆಯೇ. ಇವಲ್ಲದೆ ಅರಿವಳಿಕೆಯ ಮದ್ದು, ನೋವು, ನಿದ್ದೆಗೇಡು, ಆಸ್ಪತ್ರೆಯ ಹೊಸ ವಾತಾವರಣ ಇವು ಮುದುಕರ ಮನಸ್ಸನ್ನು ಕೆಲವು ದಿನ ಕಲಕುವುವು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಲವು ವರ್ಷಗಳ ಪರೀಕ್ಷೆಯಿಂದ ಕಂಡದ್ದೇನೆಂದರೆ, ಈ ಶಸ್ತ್ರಕ್ರಿಯೆಯಾದ ಮೊದಲ ಒಂದೆರಡು ದಿನಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನ ಬುದ್ಧಿಯ ಚುರುಕು ಸೂಕ್ಷ್ಮ ಪರೀಕ್ಷೆಗಳಲ್ಲಿ ಕುಂದಿರುತ್ತದೆ. ತಿಂಗಳೊಂದು ಕಳೆಯುವಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಸ್ಟೆಂಟಿನ ವಿಷಯವಾಗಿ ೨೦೧೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಚಿಕಿತ್ಸೆಯ ಒಡನೆ ಮಿದುಳಿನ ಎಂ.ಆರ್.ಐ. ಚಿತ್ರ ತೆಗೆದು ನೋಡಿದಾಗ ಹೊಸ ಸಣ್ಣ ಕಲೆಗಳು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ೫೦ ಮಂದಿಯಲ್ಲಿಯೂ ಶಸ್ತ್ರಕ್ರಿಯೆಯಾದವರಲ್ಲಿ ೧೭ ಮಂದಿಯಲ್ಲಿಯೂ ಕಂಡವು. ಆ ಕಲೆಗಳಲ್ಲಿ ಹೆಚ್ಚಿನವು ಹೊರಗೆ ಯಾವ ಲಕ್ಷಣವನ್ನೂ ತೋರಿಸಲಿಲ್ಲ. ನೆನಪಿನ ಪರೀಕ್ಷೆಗಳಲ್ಲಿಯೂ ಎರಡು ವಿಧದವರಿಗೂ ಸ್ಪಷ್ಟವಾದ ಅಂತರ ಕಾಣಲಿಲ್ಲ.

ಇತ್ತ ಇನ್ನು ಕೆಲವರು ಚಿಕಿತ್ಸೆಯ ಮೇಲೆ ಮೊದಲಿಗಿಂತ ಚುರುಕಾದದ್ದೂ ಉಂಟು. ಅರೆಹೊಟ್ಟೆಯ ಮಿದುಳಿಗೆ ರಕ್ತವು ತುಂಬಿ ಬಂದರೆ ಹಾಗಾಗುವುದು ಸಹಜವೆಂದು ತೋರುವುದು. ಆದರೆ ಇಲ್ಲಿಯೂ ಒಂದು ಮೋಸವಿದೆ. ನಾವು ಮಾಸ್ತರರು ಅದನ್ನು ಚೆನ್ನಾಗಿ ಬಲ್ಲೆವು. ಒಂದೇ ಪ್ರಶ್ನೆಪತ್ರಿಕೆಯನ್ನು ಎರಡನೆಯ ಸಲ ಕೊಟ್ಟರೆ ಹುಡುಗನಿಗೆ ಹೆಚ್ಚು ಅಂಕ ಬರುವುದು ಅವನ ಬುದ್ಧಿ ಬೆಳೆದುದರಿಂದಲ್ಲ, ಪ್ರಶ್ನೆಯು ಪರಿಚಯವಾದುದರಿಂದ. ನೆನಪಿನ ಪರೀಕ್ಷೆಗಳಿಗೂ ಇದೇ ಗತಿ. ಆದಕಾರಣವೇ ಕೆಲವು ಸಂಶೋಧನೆಗಳು ಏರಿತೆಂದೂ ಕೆಲವು ಇಳಿಯಿತೆಂದೂ ಕೆಲವು ಬದಲಾಗಲಿಲ್ಲವೆಂದೂ ಹೇಳುತ್ತವೆ. ಒಟ್ಟಿನ ತಾತ್ಪರ್ಯವಿಷ್ಟು: ಹೆಚ್ಚಿನವರಿಗೆ ದೀರ್ಘಕಾಲದಲ್ಲಿ ದೊಡ್ಡ ಬದಲಾವಣೆಯಿಲ್ಲ; ಕೆಲವರಿಗೆ ಕೆಲವು ವಾರಗಳ ಮಂಕು; ಅಲ್ಪಸಂಖ್ಯೆಯವರಿಗೆ ಉಳಿಯುವ ಕೊರತೆ; ಇನ್ನು ಕೆಲವರಿಗೆ ಲಾಭ.

ನಿಮ್ಮ ಮನೆಯವರು ಇವರಲ್ಲಿ ಯಾವ ಗುಂಪಿಗೆ ಸೇರಿದವರೆಂದು ತಿಳಿಯುವುದು ಹೇಗೆ? ವ್ಯಾಪಾರದ ಲೆಕ್ಕವನ್ನು ಬರೆಯುವವನು ಮೊದಲನೆಯ ಸಾಲಿನಲ್ಲಿ ಆರಂಭದ ಶಿಲ್ಕನ್ನು ಬರೆಯುತ್ತಾನೆ. ಆ ಸಾಲು ಇಲ್ಲದಿದ್ದರೆ ವರ್ಷಾಂತ್ಯದಲ್ಲಿ ಲಾಭವೋ ನಷ್ಟವೋ ಬ್ರಹ್ಮನೂ ಹೇಳಲಾರನು. ನೆನಪಿನ ಲೆಕ್ಕಕ್ಕೂ ಆರಂಭದ ಶಿಲ್ಕು ಬೇಕು. ಶಸ್ತ್ರಕ್ರಿಯೆಯ ಮೊದಲು ಸಕ್ಕರೆ, ಒತ್ತಡ, ಹೃದಯ ಎಲ್ಲವನ್ನೂ ಅಳೆಯುತ್ತಾರೆ. ನೆನಪನ್ನೂ ಒಮ್ಮೆ ಅಳೆದಿಡಿರೆಂದು ಮನೆಯವರು ವೈದ್ಯರನ್ನು ವಿನಯದಿಂದ ಕೇಳಬಹುದು. ೨೦೦೫ರಲ್ಲಿ ಮಾಂಟ್ರಿಯಲ್ ನಗರದ ವೈದ್ಯರು ಪ್ರಕಟಿಸಿದ ೩೦ ಅಂಕಗಳ ಪರೀಕ್ಷೆಯೊಂದು ಇಂದು ಎಲ್ಲೆಡೆಯೂ ರೂಢಿಯಲ್ಲಿದೆ. ಸುಮಾರು ಹತ್ತು ನಿಮಿಷಗಳ ಕೆಲಸ. ಗಡಿಯಾರದ ಚಿತ್ರ ಬರೆಯುವುದು, ನೂರರಿಂದ ಏಳೇಳನ್ನು ಕಳೆಯುವುದು, ಐದು ಶಬ್ದಗಳನ್ನು ಕೇಳಿ ಸ್ವಲ್ಪ ಹೊತ್ತಿನ ಮೇಲೆ ಹೇಳುವುದು ಮುಂತಾದವು ಅದರಲ್ಲಿ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಮ್ಮ ದೇಶದ ಜನರಿಗೆಂದೇ ಇಂಥ ಪರೀಕ್ಷೆಗಳನ್ನು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಸಿದ್ಧಪಡಿಸಿದೆ.

ಭಾಷೆಯ ಮಾತು ಬಂದುದರಿಂದ ನಮ್ಮ ಜಿಲ್ಲೆಯವರಿಗೆ ಒಂದು ಸೂಚನೆ. ನಮ್ಮಲ್ಲಿ ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು. ಹಿರಿಯರೊಬ್ಬರನ್ನು ಮೊದಲು ಒಂದು ಭಾಷೆಯಲ್ಲಿಯೂ ತರುವಾಯ ಇನ್ನೊಂದರಲ್ಲಿಯೂ ಪರೀಕ್ಷಿಸಿದರೆ ಆ ಲೆಕ್ಕವು ಹೊಂದುವುದಿಲ್ಲ. ಅವರಿಗೆ ಸಲೀಸಾದ ಭಾಷೆಯಲ್ಲಿ, ಎರಡು ಸಲವೂ ಅದೇ ಭಾಷೆಯಲ್ಲಿ, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಹಾಕಿಸಿಕೊಂಡು ಪರೀಕ್ಷೆ ನಡೆಯಲಿ. ಶಾಲೆಗೆ ಹೋಗದವರಿಗೆ ಅಂಕ ಕಡಮೆ ಬಂದರೆ ಅದು ರೋಗವೆಂದು ತಿಳಿಯಬಾರದು.

ಮನೆಯವರೂ ಒಂದು ಪುಸ್ತಕದಲ್ಲಿ ತಮ್ಮ ಶಿಲ್ಕನ್ನು ಬರೆದಿಡಬಹುದು. ಮಾತ್ರೆಯನ್ನು ತಾವೇ ತೆಗೆದುಕೊಳ್ಳುತ್ತಾರೆಯೇ, ಅಂಗಡಿಯ ಚಿಲ್ಲರೆಯ ಲೆಕ್ಕ ಸರಿಯೇ, ಪೇಪರಿನಲ್ಲಿ ಓದಿದ್ದನ್ನು ಮಧ್ಯಾಹ್ನ ಹೇಳುತ್ತಾರೆಯೇ, ಇಂದು ಯಾವ ವಾರ, ಈಗ ಉಡುಪಿಯಲ್ಲಿ ಯಾವ ಮಠದ ಪರ್ಯಾಯ ಎಂಬುದು ತಿಳಿದಿದೆಯೇ, ನಾಲ್ಕು ಜನ ಮಾತಾಡುವಾಗ ಮಾತಿನ ಎಳೆ ತಪ್ಪುತ್ತದೆಯೇ ಎಂಬಿಷ್ಟು ಸಾಕು. ರೋಗಿಯು ಹೆಂಗಸಾಗಿದ್ದರೆ ಈ ಬರಹವು ಇನ್ನೂ ಅಗತ್ಯ. ಗಂಡಸು ಲೆಕ್ಕ ತಪ್ಪಿದರೆ ಅಂಗಡಿಯವನಾದರೂ ಹೇಳುತ್ತಾನೆ. ಅಮ್ಮನು ಹುಳಿಗೆ ಎರಡು ಸಲ ಉಪ್ಪು ಹಾಕಿದರೆ “ವಯಸ್ಸಾಯಿತು” ಎಂದು ಉಂಡು ಎದ್ದುಹೋಗುತ್ತೇವೆ. ಹುರಿಯುವುದು, ಅರೆಯುವುದು, ಕುದಿಸುವುದು, ಒಗ್ಗರಿಸುವುದು ಎಂಬ ಅಡಿಗೆಯ ಕ್ರಮವನ್ನು ತಪ್ಪದೆ ನಡೆಸುವುದು ಅಂಕಗಣಿತದಷ್ಟೇ ಬುದ್ಧಿಯ ಕೆಲಸವೆಂಬುದನ್ನು ಗಂಡಸರು ಅರಿಯರು.

ಇನ್ನು ಚಿಕಿತ್ಸೆಯ ತರುವಾಯದ ಎಚ್ಚರ. ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಅಥವಾ ಅರ್ಥವಾಗದಿರುವುದು, ಒಂದು ಕಣ್ಣು ಫಕ್ಕನೆ ಕತ್ತಲಾಗುವುದು ಇವು ಪಾರ್ಶ್ವವಾಯುವಿನ ಗುರುತುಗಳು. ಚಿಕಿತ್ಸೆಯಾದ ಪಕ್ಕದಲ್ಲಿ ತೀವ್ರವಾದ ತಲೆನೋವು, ರಕ್ತದೊತ್ತಡವು ಬಹಳ ಏರುವುದು, ಅಪಸ್ಮಾರದಂತೆ ನಡುಗು, ಒಮ್ಮೆಗೇ ಗಲಿಬಿಲಿ ಇವು ಮಿದುಳಿಗೆ ರಕ್ತವು ಮಿತಿಮೀರಿ ನುಗ್ಗಿದುದರ ಗುರುತಾಗಿರಬಹುದು. ಇದು ವಿರಳವಾದರೂ ಪ್ರಾಣಾಂತಿಕ, ಮೊದಲ ಕೆಲವು ವಾರಗಳ ವರೆಗೂ ಬರಬಹುದು. ಕೊರಳು ಊದಿಕೊಂಡು ಉಸಿರು ಕಟ್ಟಿದರೆ ಅದೂ ಅಷ್ಟೇ ಭಯಂಕರ. ಇಂಥಲ್ಲಿ ಕಷಾಯ, ಹರಕೆ, ಹೊತ್ತುನೋಡುವುದು ಎಲ್ಲವನ್ನೂ ಬಿಟ್ಟು ೧೦೮ಕ್ಕೆ ಕರೆಮಾಡಿ ಹೊರಡತಕ್ಕದ್ದು.

ಮಂಕು, ಮರೆವು, ರಾತ್ರಿಯ ಗೊಂದಲ ಇಷ್ಟೇ ಇದ್ದರೆ ಅವನ್ನು ವೈದ್ಯರ ಗಮನಕ್ಕೆ ತಂದು, ಮೂತ್ರದ ಸೋಂಕು, ಜ್ವರ, ಮಲಬದ್ಧತೆ, ಔಷಧದ ದೋಷ ಇವೇನಾದರೂ ಕಾರಣವೇ ಎಂದು ನೋಡಿಸಬೇಕು. ಮನಸ್ಸಿನ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುವುದುಂಟು. ಮಾತ್ರೆಗಳನ್ನು ವಾರದ ಏಳು ಮನೆಗಳುಳ್ಳ ಡಬ್ಬಿಯಲ್ಲಿ ಇಟ್ಟು, ಕೊಡುವ ಹೊಣೆಯನ್ನು ಒಬ್ಬರೇ ಹೊರಬೇಕು. ಇಬ್ಬರ ಹೊಣೆಯಾದರೆ ಯಾರ ಹೊಣೆಯೂ ಅಲ್ಲ. ಗೋಡೆಯಲ್ಲಿ ದೊಡ್ಡ ಅಕ್ಷರದ ಪಂಚಾಂಗವೂ ಗಡಿಯಾರವೂ ಇರಲಿ. ಹಗಲು ಸ್ವಲ್ಪ ನಡೆದಾಟ, ರಾತ್ರಿ ಪೂರ್ಣ ನಿದ್ದೆ ಆಗಲಿ. ಮಂಕು ತಿಳಿಯಾಗುವ ತನಕ ಸ್ಕೂಟರು ಓಡಿಸುವುದೂ ಜಮೀನಿನ ಕಾಗದಕ್ಕೆ ರುಜು ಹಾಕುವುದೂ ಬೇಡ. ಮೂರು ತಿಂಗಳ ಮೇಲೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿಸಿ ಶಿಲ್ಕಿನೊಡನೆ ತಾಳೆನೋಡಿದರೆ ನಿಜ ಸ್ಥಿತಿಯು ತಿಳಿಯುವುದು. ಎಲ್ಲಕ್ಕಿಂತಲೂ ಮುಖ್ಯವಾದುದು, ಅವರ ಎದುರಿಗೇ “ಇವರಿಗೆ ಈಗ ತಲೆ ಸರಿಯಿಲ್ಲ” ಎಂದು ನೆಂಟರಿಗೆ ಹೇಳದಿರುವುದು. ನೆನಪು ಮಂಕಾದರೂ ಅವಮಾನವು ತಿಳಿಯದೆ ಹೋಗುವುದಿಲ್ಲ.

ಭಾವನವರ ಮಂಕು ಆರು ವಾರಗಳಲ್ಲಿ ಬಹುಪಾಲು ಕರಗಿತು. ಕೇಳಿದ್ದನ್ನೇ ಕೇಳುವುದು ನಿಂತಿತು. ಮಾತ್ರೆಯ ಡಬ್ಬಿ ಮಾತ್ರ ಇಂದಿಗೂ ಅಕ್ಕನ ವಶದಲ್ಲಿದೆ. ಲೆಕ್ಕದಲ್ಲಿ ಮೊದಲಿನ ವೇಗವಿಲ್ಲವೆಂದು ಅವರು ಹೇಳುತ್ತಾರೆ. ಅದು ರೋಗದ್ದೋ, ಶಸ್ತ್ರದ್ದೋ, ವಯಸ್ಸಿನದ್ದೋ ಎಂದು ನಾವು ಹೇಳಲಾರೆವು. ಏಕೆಂದರೆ ಮೊದಲಿನ ವೇಗವೆಷ್ಟಿತ್ತೆಂದು ನಮ್ಮಲ್ಲಿ ಯಾರೂ ಬರೆದಿಡಲಿಲ್ಲ. ೨೦೨೪ರಲ್ಲಿ ಊರಿನ ತಾಳಮದ್ದಳೆಯಲ್ಲಿ ಕೃಷ್ಣಸಂಧಾನ ಪ್ರಸಂಗವಿಟ್ಟಾಗ ಅವರಿಗೆ ರೂಢಿಯಾಗಿದ್ದ ಕೌರವನ ಅರ್ಥವನ್ನು ಬಿಟ್ಟು ವಿದುರನದನ್ನು ಕೇಳಿ ಪಡೆದರು. ಮುಂದಿನ ಸಾಲಿನಲ್ಲಿ ಕುಳಿತ ಅಕ್ಕನು ಒಂದೊಂದು ಮಾತಿಗೂ ಕಿವಿಗೊಟ್ಟಿದ್ದಳು. ಎಳೆ ಎಲ್ಲಿಯೂ ತಪ್ಪಲಿಲ್ಲ.

ನನ್ನ ಶಿಷ್ಯರಿಗೆ ಇಷ್ಟನ್ನು ಹೇಳಿ, “ತಂದೆಯವರನ್ನು ವೈದ್ಯರು ಹೇಳಿದ ದಿನವೇ ಕರೆದುಕೊಂಡು ಹೋಗಿ, ಅದಕ್ಕೆ ಮೊದಲು ಅವರ ನೆನಪಿನ ಶಿಲ್ಕನ್ನು ಬರೆದಿಡಿ, ತರುವಾಯ ನಿಮ್ಮ ತಾಯಿಯವರು ಏನಾದರೂ ಬದಲಾವಣೆಯನ್ನು ಹೇಳಿದರೆ ಅವರ ಮಾತನ್ನು ನಂಬಿ” ಎಂದೆನು. ಅವರು ಎದ್ದುಹೋದ ಮೇಲೆ ನಾನು ಅಕ್ಕನ ಮನೆಗೆ ನಡೆದೆನು. ಒಂದು ವಾಕ್ಯವನ್ನು ಅವಳಿಗೆ ಹೇಳುವುದು ಎರಡು ವರ್ಷಗಳಿಂದ ಬಾಕಿಯಿತ್ತು. “ಅಕ್ಕ, ಆ ದಿನ ನೀನು ಹೇಳಿದ್ದೇ ಸರಿ” ಎಂದೆನು. ಅವಳು ಮಾತ್ರೆಯ ಡಬ್ಬಿಯನ್ನು ತುಂಬುತ್ತಲೇ, “ಅದು ನನಗೆ ಆಗಲೇ ಗೊತ್ತಿತ್ತು” ಎಂದಳು.